ಸಾರಸಗಳ ಕುಣಿತ ಮತ್ತು ಕ್ಯಾಮೆರಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಜೌಗು, ಗದ್ದೆ ಬಯಲುಗಳಲ್ಲಿ ಸ್ವತಂತ್ರವಾಗಿ ಬದುಕುವ ಸಾರಸ ಮತ್ತು ಅದರ ಬಂಧುಗಳಾದ ಇತರ ಕ್ರೇನ್ ಹಕ್ಕಿಗಳು ಜೋಡಿಯಾಗುವ ಕಾಲದಲ್ಲಿ ಮಾಡುವ ನೃತ್ಯವನ್ನು ಚಿತ್ರೀಕರಿಸುವುದು ಹೇಗೆ ಎಂಬುದೇ ಆ ವಿಷಯ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವಕ್ಕೆ ಮಾತ್ರ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಜುಲೈ ತಿಂಗಳಲ್ಲಿ ಕೆಲಸದ ಮೇಲೆ ದೆಹಲಿಗೆ ಹೋಗುವವನಿದ್ದೇನೆ. ವಾರದ ಕೊನೆಯಲ್ಲಿ ಬಿಡುವಿರುತ್ತದೆ. ಸಾರಸಗಳ ಪ್ರಣಯ ನೃತ್ಯವನ್ನು ನೋಡಲು, ಸಾಧ್ಯವಾದರೆ ಚಿತ್ರ ತೆಗೆಯಲು ಎಲ್ಲಿಗೆ ಹೋಗಬೇಕು?
(ಮೈಸೂರಿನ ಓದುಗರು)

ಉತ್ತರ: ಜಗತ್ತಿನಲ್ಲಿ 15 ಜಾತಿಯ ಕ್ರೇನ್‌ಗಳಿವೆ. ಅವುಗಳಲ್ಲಿ ನಮ್ಮ ದೇಶದ ಬಯಲು ಪ್ರದೇಶದಲ್ಲಿ ವರ್ಷವಿಡೀ ಉಳಿದು, ಇಲ್ಲಿಯೇ ಗೂಡು ಕಟ್ಟುವುದು ಸಾರಸ ಮಾತ್ರ. ಉತ್ತರ ಪ್ರದೇಶದ ಇಟಾವಾ ಮತ್ತು ಮೈನ್‌ಪುರಿ ಜಿಲ್ಲೆಗಳ ಗದ್ದೆ, ಜೌಗು, ಕೆರೆಯಂಗಳಗಳಲ್ಲಿ ಇವು ಅತ್ಯಂತ ಹೆಚ್ಚಾಗಿವೆ. ಇಟಾವಾದ ಸರಸಯಿ ನಾವರ್ ಮತ್ತು ಮೈನ್‌ಪುರಿಯ ಸಮಾನ್ ಪಕ್ಷಿಧಾಮಗಳು ಹೆಸರುವಾಸಿಯಾದ ತಾಣಗಳು. ಗುಜರಾತಿನಲ್ಲಿ ಖೇಡಾ ಜಿಲ್ಲೆಯ ಕಾಲುವೆ ನೀರಾವರಿಯ ಭತ್ತದ ಬಯಲುಗಳೂ ಸಾರಸಗಳಿಗೆ ನೆಲೆಯಾಗಿವೆ. ನಿಮಗೆ ಸಮಯ ಕಡಿಮೆ ಇರುವುದರಿಂದ ಗ್ರೇಟರ್ ನೋಯ್ಡಾ ಸಮೀಪದ ಧನೌರಿ ಜೌಗು ಅಥವಾ ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ್ ರಾಷ್ಟ್ರೀಯ ಉದ್ಯಾನ ಅನುಕೂಲವಾದೀತು. ಭರತಪುರದಲ್ಲಿ ಸೈಕಲ್ ರಿಕ್ಷಾ ಓಡಿಸುವವರಲ್ಲಿ ಹಲವರು ಹಕ್ಕಿಗಳನ್ನು ಚೆನ್ನಾಗಿ ಬಲ್ಲವರು. ಯಾವ ಜೋಡಿ ಯಾವ ಕಡೆ ಮೇಯುತ್ತಿದೆ ಎಂಬುದನ್ನು ಅವರಿಂದಲೇ ಕೇಳಿ ತಿಳಿಯುವುದು ಒಳ್ಳೆಯದು. (ಇದೇ ಉದ್ಯಾನಕ್ಕೆ ಚಳಿಗಾಲದಲ್ಲಿ ಬರುತ್ತಿದ್ದ ಸೈಬೀರಿಯನ್ ಕ್ರೇನ್‌ಗಳು 2002ರ ನಂತರ ಮತ್ತೆ ಬಂದಿಲ್ಲ. ಅವುಗಳಿಗಾಗಿ ಈಗಲೂ ವಿಚಾರಿಸುವ ಪ್ರವಾಸಿಗರಿದ್ದಾರೆ.)

ಆದರೆ ಜುಲೈ ತಿಂಗಳ ಬಗ್ಗೆ ಒಂದು ಮಾತು ಹೇಳಬೇಕು. ಸಾರಸಗಳು ಮುಂಗಾರಿನೊಡನೆ ಸಂಸಾರ ಹೂಡುವ ಹಕ್ಕಿಗಳು. ಮಳೆ ಬಿದ್ದು ನೀರು ನಿಂತ ಕೂಡಲೇ ಜೊಂಡು, ಹುಲ್ಲು, ಭತ್ತದ ದಂಟುಗಳನ್ನು ರಾಶಿ ಹಾಕಿ ನೀರಿನ ನಡುವೆ ಗೂಡು ಕಟ್ಟುತ್ತವೆ. ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನಿಟ್ಟು, ಗಂಡು ಹೆಣ್ಣುಗಳೆರಡೂ ಸರದಿಯ ಮೇಲೆ ಸುಮಾರು ಒಂದು ತಿಂಗಳು ಕಾವು ಕೊಡುತ್ತವೆ. ಆದ್ದರಿಂದ ನೀವು ಹೋಗುವ ವೇಳೆಗೆ ಕೆಲವು ಜೋಡಿಗಳು ಇನ್ನೂ ಕುಣಿಯುತ್ತಿರಬಹುದು, ಕೆಲವು ಆಗಲೇ ಗೂಡಿನ ಮೇಲಿರಬಹುದು. ಗೂಡು ಹಿಡಿದ ಜೋಡಿಯನ್ನು ಚಿತ್ರಕ್ಕಾಗಿ ಆರಿಸಿಕೊಳ್ಳಬೇಡಿ. ನೃತ್ಯವೇ ಮುಖ್ಯ ಎನ್ನುವವರಿಗೆ ಮೇ ಕೊನೆಯಿಂದ ಮೊದಲ ಮಳೆಗಳವರೆಗಿನ ಅವಧಿ ಹೆಚ್ಚು ಹೊಂದುತ್ತದೆ. ಬೇಸಿಗೆಯಲ್ಲಿ ನೀರು ಉಳಿದ ಕಡೆ ಸಾರಸಗಳು ಗುಂಪುಗೂಡುತ್ತವೆ, ಮತ್ತು ಗುಂಪಿನಲ್ಲಿ ಇನ್ನೂ ಜೋಡಿಯಾಗದ ಎಳೆಯ ಹಕ್ಕಿಗಳ ಕುಣಿತವೂ ಕಾಣಸಿಗುತ್ತದೆ.

ಪ್ರಶ್ನೆ: ನೃತ್ಯದ ಚಿತ್ರಗಳೆಂದು ಅಂತರ್ಜಾಲದಲ್ಲಿ ನೂರಾರು ಸಿಗುತ್ತವೆ. ಒಂದರಲ್ಲಿ ಹಕ್ಕಿಗಳು ಆಕಾಶಕ್ಕೆ ಕೊಕ್ಕೆತ್ತಿ ನಿಂತಿರುತ್ತವೆ, ಇನ್ನೊಂದರಲ್ಲಿ ಹಾರಿ ಕುಪ್ಪಳಿಸುತ್ತಿರುತ್ತವೆ, ಮತ್ತೊಂದರಲ್ಲಿ ರೆಕ್ಕೆ ಹರಡಿ ನೆಲಕ್ಕೆ ಬಾಗಿರುತ್ತವೆ. ಇವೆಲ್ಲವೂ ಪ್ರಣಯವೇ?
(ಶಿವಮೊಗ್ಗದ ಓದುಗರು)

ಉತ್ತರ: ಅಲ್ಲ. ಕ್ಯಾಮೆರಾ ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ನೀವು ಕೇಳಿದ್ದೀರಿ.

ಕೊಕ್ಕೆತ್ತಿ ನಿಂತಿರುವುದು ಜೋಡಿಗೂಗು. ಗಂಡು ಹೆಣ್ಣು ಅಕ್ಕಪಕ್ಕದಲ್ಲಿ ನಿಂತು, ಕತ್ತನ್ನು ಹಿಂದಕ್ಕೆ ಚಾಚಿ, ಒಂದರ ದನಿಗೆ ಇನ್ನೊಂದು ದನಿ ಸೇರಿಸಿ ಕೂಗುತ್ತವೆ. ಸಾರಸಗಳಲ್ಲಿ ಹೆಣ್ಣು ಕೂಗನ್ನು ಆರಂಭಿಸಿ, ಗಂಡಿನ ಒಂದು ಕೂಗಿಗೆ ಎರಡರಂತೆ ಕೂಗುತ್ತದೆ. ಗಂಡು ರೆಕ್ಕೆಗಳನ್ನು ಬೆನ್ನ ಮೇಲೆ ಎತ್ತಿ ಹಿಡಿದರೆ ಹೆಣ್ಣು ಮಡಚಿಯೇ ಇಟ್ಟುಕೊಳ್ಳುತ್ತದೆ. ನೋಟಕ್ಕೆ ಒಂದೇ ರೀತಿ ಇರುವ ಈ ಹಕ್ಕಿಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ದೂರದಿಂದ ಗುರುತಿಸಲು ಇದಕ್ಕಿಂತ ನಂಬಿಕೆಯ ದಾರಿ ಇಲ್ಲ. ಈ ಕೂಗು ಜೋಡಿಯ ಬಂಧವನ್ನು ಬಿಗಿಗೊಳಿಸುವುದರ ಜೊತೆಗೆ, ಈ ಜಾಗ ನಮ್ಮದು ಎಂದು ಪಕ್ಕದ ಜೋಡಿಗೆ ಸಾರುವ ಕೆಲಸವನ್ನೂ ಮಾಡುತ್ತದೆ. ಆದ್ದರಿಂದ ಅದನ್ನು ಕೇವಲ ಪ್ರಣಯವೆಂದು ಬರೆಯುವುದು ಅರ್ಧ ಸತ್ಯ.

ಕುಪ್ಪಳಿಸುವುದು, ತಲೆಬಾಗುವುದು, ರೆಕ್ಕೆ ಬಡಿಯುತ್ತ ಸುತ್ತ ಓಡುವುದು, ಹುಲ್ಲು ಕಡ್ಡಿಯನ್ನು ಕೊಕ್ಕಿನಿಂದ ಮೇಲಕ್ಕೆ ಎಸೆದು ಮತ್ತೆ ಹಿಡಿಯಲು ಹೋಗುವುದು ಇವೆಲ್ಲ ನಿಜವಾದ ಕುಣಿತದ ಅಂಗಗಳು. ಆದರೆ ಇದೂ ಪ್ರಣಯಕ್ಕೇ ಮೀಸಲಲ್ಲ. ಕ್ರೇನ್‌ಗಳ ಮರಿಗಳೂ ಕುಣಿಯುತ್ತವೆ, ಹಳೆಯ ಜೋಡಿಗಳೂ ಕುಣಿಯುತ್ತವೆ. ಮೈಮನಸ್ಸಿನ ಬಿಗುವನ್ನು ಇಳಿಸಿಕೊಳ್ಳಲು, ಜಗಳವನ್ನು ತಪ್ಪಿಸಲು ಕೂಡ ಕುಣಿಯುತ್ತವೆ. ಹತ್ತಿರ ಬಂದ ಮನುಷ್ಯನನ್ನೋ ನಾಯಿಯನ್ನೋ ಕಂಡು ಕಳವಳಗೊಂಡ ಹಕ್ಕಿ ನಾಲ್ಕು ಸಲ ಜಿಗಿದರೆ, ಕ್ಯಾಮೆರಾ ಹಿಡಿದವನು ತನ್ನ ಅದೃಷ್ಟವನ್ನು ಕೊಂಡಾಡಿಕೊಳ್ಳುವುದುಂಟು. ಆ ಜಿಗಿತಕ್ಕೆ ಕಾರಣ ಅವನೇ.

ರೆಕ್ಕೆಗಳನ್ನು ಇಳಿಬಿಟ್ಟು ಅಥವಾ ಹರಡಿ, ನೆಲಕ್ಕೆ ಬಾಗಿ, ನೋಡುವವನ ಕಡೆಗೆ ಮುಖಮಾಡಿ ಬರುವ ಹಕ್ಕಿಯಂತೂ ಬಹುಮಟ್ಟಿಗೆ ಬೆದರಿಸುತ್ತಿರುತ್ತದೆ, ಇಲ್ಲವೇ ಗೂಡಿನಿಂದ ಗಮನವನ್ನು ಬೇರೆಡೆಗೆ ಸೆಳೆಯಲು ಯತ್ನಿಸುತ್ತಿರುತ್ತದೆ. ಬಹಳ ಮೆಚ್ಚುಗೆ ಗಳಿಸಿದ ನೃತ್ಯ ಚಿತ್ರಗಳಲ್ಲಿ ಕೆಲವು ಈ ಬಗೆಯವು ಎಂಬುದು ನಮ್ಮ ಅನುಮಾನ. ನೋಡಬೇಕಾದುದು ಹಕ್ಕಿಯ ಕಣ್ಣು ಎಲ್ಲಿದೆ ಎಂಬುದನ್ನು. ಪ್ರಣಯದಲ್ಲಿ ಅವು ಒಂದನ್ನೊಂದು ನೋಡುತ್ತವೆ. ಭಯದಲ್ಲಿ, ಕೋಪದಲ್ಲಿ ನಿಮ್ಮನ್ನು ನೋಡುತ್ತವೆ. ಚಿತ್ರವನ್ನು ಗಣಕದಲ್ಲಿ ಹಿಗ್ಗಿಸಿ ನೋಡಿದಾಗಲೂ ಈ ವ್ಯತ್ಯಾಸ ತಿಳಿಯುತ್ತದೆ.

17ನೇ ಶತಮಾನದ ಆರಂಭದಲ್ಲಿ ಮೊಗಲ್ ಬಾದಶಹ ಜಹಾಂಗೀರನು ತಾನು ಸಾಕಿದ್ದ ಸಾರಸ ಜೋಡಿಗೆ ಲೈಲಾ, ಮಜನೂ ಎಂದು ಹೆಸರಿಟ್ಟು, ಅವು ಕೂಡಿದ್ದು, ಮೊಟ್ಟೆಯಿಟ್ಟದ್ದು, ಕಾವು ಕೊಟ್ಟದ್ದು ಎಲ್ಲವನ್ನೂ ದಿನದಿನ ಗಮನಿಸಿ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ದೊರೆತನದ ನಡುವೆ ಅಷ್ಟು ವ್ಯವಧಾನವಿದ್ದ ವೀಕ್ಷಕ ಅವನು. ಚಿತ್ರ ತೆಗೆಯುವವರೂ ಮೊದಲ ಬೆಳಗನ್ನು ಕ್ಯಾಮೆರಾ ಇಲ್ಲದೆ ದುರ್ಬೀನಿನೊಂದಿಗೆ ಕಳೆದರೆ, ಎರಡನೆಯ ಬೆಳಗಿನ ಚಿತ್ರಗಳು ಖಂಡಿತ ಮೇಲಾಗುತ್ತವೆ.

ಪ್ರಶ್ನೆ: ನನ್ನಲ್ಲಿ ಚಿಕ್ಕ ಸೆನ್ಸರಿನ ಕ್ಯಾಮೆರಾ ಮತ್ತು 100–400 ಮಿ.ಮೀ. ಲೆನ್ಸ್ ಇದೆ. 600 ಮಿ.ಮೀ. ಲೆನ್ಸ್ ಇಲ್ಲದೆ ಕುಣಿತದ ಒಳ್ಳೆಯ ಚಿತ್ರ ಬರುವುದಿಲ್ಲ ಎನ್ನುತ್ತಾರೆ. ಹಾಗಾದರೆ ಎಷ್ಟು ಹತ್ತಿರ ಹೋಗಬೇಕು? ಕ್ಯಾಮೆರಾವನ್ನು ಹೇಗೆ ಹೊಂದಿಸಿಕೊಳ್ಳಬೇಕು?
(ಹುಬ್ಬಳ್ಳಿಯ ಓದುಗರು)

ಉತ್ತರ: ಲೆಕ್ಕ ಹಾಕಿ ನೋಡೋಣ. ಸೆನ್ಸರ್ ಎಂದರೆ ಕ್ಯಾಮೆರಾದೊಳಗೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಫಲಕ; ಲೆನ್ಸಿನ ಮಿ.ಮೀ. ಸಂಖ್ಯೆ ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. ದೊಡ್ಡ ಸೆನ್ಸರ್, ಎಂದರೆ 36 ಮಿ.ಮೀ. ಅಗಲ ಮತ್ತು 24 ಮಿ.ಮೀ. ಎತ್ತರದ ಸೆನ್ಸರ್ ಇರುವ ಕ್ಯಾಮೆರಾಕ್ಕೆ 600 ಮಿ.ಮೀ. ಲೆನ್ಸ್ ಹಾಕಿ 100 ಮೀಟರ್ ದೂರದ ಹಕ್ಕಿಯನ್ನು ನೋಡಿದರೆ, ಚೌಕಟ್ಟಿನೊಳಗೆ ಸುಮಾರು 6 ಮೀಟರ್ ಅಗಲ, 4 ಮೀಟರ್ ಎತ್ತರದಷ್ಟು ಜಾಗ ಬರುತ್ತದೆ. ಒಂದೂವರೆ ಪಟ್ಟು ಚಿಕ್ಕದಾದ ಸೆನ್ಸರಿನಲ್ಲಿ 400 ಮಿ.ಮೀ. ಲೆನ್ಸ್ ಕೂಡ ಹೆಚ್ಚು ಕಡಿಮೆ ಇಷ್ಟೇ ಜಾಗವನ್ನು ತೋರಿಸುತ್ತದೆ. ಇನ್ನು ಹಕ್ಕಿಯ ಅಳತೆ ನೋಡಿ. ಸಾರಸ ಹಾರಬಲ್ಲ ಹಕ್ಕಿಗಳಲ್ಲೇ ಅತ್ಯಂತ ಎತ್ತರದ್ದು, 1.8 ಮೀಟರಿನವರೆಗೂ ನಿಲ್ಲುತ್ತದೆ. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಸುಮಾರು 2.4 ಮೀಟರ್. ಅಂಥ ಎರಡು ಹಕ್ಕಿಗಳು ಎದುರುಬದುರು ನಿಂತು, ಒಂದು ನೆಲದಿಂದ ಮೇಲಕ್ಕೆ ಜಿಗಿದಾಗ 6 ಮೀಟರ್ ಅಗಲ, 4 ಮೀಟರ್ ಎತ್ತರದ ಚೌಕಟ್ಟು ತುಂಬಿಯೇ ತುಂಬುತ್ತದೆ. 50 ಮೀಟರಿಗೆ ಹೋದಿರೆಂದರೆ ಚೌಕಟ್ಟು 3 ಮೀಟರ್ ಅಗಲಕ್ಕೆ ಇಳಿದು, ರೆಕ್ಕೆಯ ತುದಿಯೋ ಎಸೆದ ಕಡ್ಡಿಯೋ ಇನ್ನೊಂದು ಹಕ್ಕಿಯ ಕಾಲೋ ಕತ್ತರಿಸಿ ಹೋಗುತ್ತದೆ. ಹತ್ತಿರ ಹೋದರೆ ಹಕ್ಕಿಗೆ ತೊಂದರೆ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಚಿತ್ರಕ್ಕೂ ತೊಂದರೆ ಎಂಬುದನ್ನು ಯಾಕೋ ಯಾರೂ ಹೇಳುವುದಿಲ್ಲ.

ದೂರದಿಂದ ಇನ್ನೊಂದು ಲಾಭವಿದೆ. 600 ಮಿ.ಮೀ. ಲೆನ್ಸನ್ನು ಎಫ್ 6.3ರಲ್ಲಿ (ಇದು ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯ ಅಳತೆ) ಇಟ್ಟುಕೊಂಡು 100 ಮೀಟರಿಗೆ ಫೋಕಸ್ ಮಾಡಿದರೆ, ಮುಂದೆ ಹಿಂದೆ ಸೇರಿ ಸುಮಾರು 10 ಮೀಟರ್ ಆಳದವರೆಗೆ ಚಿತ್ರ ಸ್ಪಷ್ಟವಾಗಿರುತ್ತದೆ. ಎರಡು ಹಕ್ಕಿಗಳಲ್ಲಿ ಒಂದು ಸ್ವಲ್ಪ ಹಿಂದಿದ್ದರೂ ಎರಡರ ಕಣ್ಣೂ ಸ್ಪಷ್ಟವಾಗಿ ಬರುತ್ತದೆ. 50 ಮೀಟರಿನಲ್ಲಿ ಆ ಆಳ ಎರಡೂವರೆ ಮೀಟರಿನಷ್ಟಕ್ಕೆ ಕುಗ್ಗುತ್ತದೆ. ಕುಣಿಯುವ ಜೋಡಿಯಲ್ಲಿ ಒಂದರ ಕಣ್ಣು ಚೂಪಾಗಿ, ಇನ್ನೊಂದರ ತಲೆ ಮಸುಕಾಗಿ ಬರುವುದಕ್ಕೆ ಇದೇ ಕಾರಣ.

ಹೊಂದಾಣಿಕೆಯ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಜಿಗಿತವನ್ನೂ ಗಾಳಿಯಲ್ಲಿರುವ ಕಡ್ಡಿಯನ್ನೂ ನಿಲ್ಲಿಸಿ ಹಿಡಿಯಲು ಶಟರ್ ವೇಗ ಸೆಕೆಂಡಿನ 1,000ದ ಒಂದು ಭಾಗಕ್ಕಿಂತ ನಿಧಾನವಾಗಿರಬಾರದು, ಬೆಳಕಿದ್ದರೆ 2,000ದ ಒಂದು ಭಾಗ ಇನ್ನೂ ಒಳ್ಳೆಯದು. ಅಪರ್ಚರನ್ನು, ಎಂದರೆ ಲೆನ್ಸಿನ ಬೆಳಕಿನ ಕಿಂಡಿಯನ್ನು, ಪೂರ್ತಿ ತೆರೆದಿಟ್ಟು, ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಸ್ಪಂದಿಸಬೇಕೆಂಬ ಅಳತೆ) ಹೊಣೆಯನ್ನು ಕ್ಯಾಮೆರಾಕ್ಕೇ ಬಿಡಿ. ಬೂದು ಬಣ್ಣದ ಸಾರಸ ಹಸಿರು ಗದ್ದೆಯ ನಡುವೆ ಇರುವಾಗ ಕ್ಯಾಮೆರಾದ ಬೆಳಕಿನ ಅಂದಾಜು ಅಷ್ಟೇನೂ ತಪ್ಪುವುದಿಲ್ಲ. ಕತ್ತಿನ ಕೆಂಪು ಭಾಗದ ಕೆಳಗಿರುವ ಬಿಳಿಯ ಪಟ್ಟಿ ಎಳೆಬಿಸಿಲಿನಲ್ಲಿ ಬೆಳ್ಳಗೆ ಸುಟ್ಟುಹೋಗದಂತೆ ನೋಡಿಕೊಂಡರೆ ಸಾಕು. ಜೂಮ್ ಲೆನ್ಸನ್ನು ಕೊನೆಯವರೆಗೆ ಎಳೆಯದೆ ಒಂದಿಷ್ಟು ಅಂಚು ಬಿಟ್ಟುಕೊಳ್ಳಿ, ಯಾಕೆಂದರೆ ಕುಣಿತ ಯಾವ ದಿಕ್ಕಿಗೆ ತಿರುಗುತ್ತದೆಂದು ಮೊದಲೇ ತಿಳಿಯುವುದಿಲ್ಲ.

ಎಲ್ಲಿ ನಿಲ್ಲಬೇಕೆಂಬುದು ಲೆನ್ಸಿಗಿಂತ ದೊಡ್ಡ ವಿಷಯ. ಸಾರಸಗಳು ಹೊಲದಲ್ಲಿ ದುಡಿಯುವ ರೈತರಿಗೆ ಒಗ್ಗಿಕೊಂಡ ಹಕ್ಕಿಗಳು. ನೆಟ್ಟಗೆ ನಡೆದು ತಮ್ಮ ಪಾಡಿಗೆ ತಾವು ಕೆಲಸ ಮಾಡುವವರನ್ನು ಅವು ಲೆಕ್ಕಿಸುವುದಿಲ್ಲ, ಆದರೆ ಬಗ್ಗಿ, ತೆವಳಿ, ಅವಿತು ಬರುವವನ ಮೇಲೆ ಕಣ್ಣಿಡುತ್ತವೆ. ರಸ್ತೆಯ ಬದಿಯಲ್ಲಿ ನಿಲ್ಲಿಸಿದ ಕಾರಿನ ಕಿಟಕಿಯಿಂದ, ಬೀನ್ ಬ್ಯಾಗಿನ (ಕಾಳು ತುಂಬಿದ ಚೀಲದ) ಮೇಲೆ ಲೆನ್ಸ್ ಇಟ್ಟು ತೆಗೆಯುವುದು ಎಲ್ಲಕ್ಕಿಂತ ಸುಲಭ. ಕಾಲುನಡಿಗೆಯಲ್ಲಿ ಹೋಗುವುದಾದರೆ ಗದ್ದೆಯ ಯಜಮಾನರನ್ನು ಕೇಳಿ, ನಾಟಿ ಮಾಡಿದ ಪೈರನ್ನು ತುಳಿಯದೆ ಬದುವಿನ ಮೇಲೆ ನಡೆದು, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಒಂದು ಕಡೆ ಕುಳಿತುಬಿಡಿ. ಮೇಯುತ್ತಿದ್ದ ಹಕ್ಕಿ ತಲೆಯೆತ್ತಿ ನಿಮ್ಮನ್ನೇ ನೋಡತೊಡಗಿದರೆ ಅಲ್ಲಿಯೇ ನಿಲ್ಲಿ. ಅದು ಹೆಜ್ಜೆ ಹಾಕಿ ದೂರ ಸರಿಯತೊಡಗಿದರೆ ನೀವು ಆಗಲೇ ಮಿತಿ ದಾಟಿದ್ದೀರಿ, ಹಿಂದಕ್ಕೆ ಬನ್ನಿ. ಮತ್ತೆ ಮೇಯಲು ಆರಂಭಿಸಿದ ಮೇಲೆ ಉಳಿದದ್ದೆಲ್ಲ ಕಾಯುವ ಕೆಲಸ. ಒಂದು ಹಕ್ಕಿ ಮೇವು ಬಿಟ್ಟು ಇನ್ನೊಂದರ ಕಡೆ ತಿರುಗಿ ತಲೆಬಾಗಿದರೆ, ಅಥವಾ ಕಡ್ಡಿಯೊಂದನ್ನು ಕಾರಣವಿಲ್ಲದೆ ಕೊಕ್ಕಿನಲ್ಲಿ ಎತ್ತಿಕೊಂಡರೆ ಬೆರಳನ್ನು ಗುಂಡಿಯ ಮೇಲೆ ಸಿದ್ಧವಾಗಿಡಿ. ಕುಣಿತ ಕೆಲವೊಮ್ಮೆ ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ.

ಪ್ರಶ್ನೆ: ಎಷ್ಟೇ ವೇಗದ ಶಟರ್ ಇಟ್ಟರೂ ದೂರದ ಹಕ್ಕಿಗಳ ಅಂಚು ಕಲಸಿದಂತೆ ಬರುತ್ತದೆ. ಲೆನ್ಸ್ ಕೆಟ್ಟಿರಬಹುದೇ?
(ತುಮಕೂರಿನ ಓದುಗರು)

ಉತ್ತರ: ಚಿತ್ರ ತೆಗೆದ ಹೊತ್ತನ್ನು ನೋಡಿಕೊಳ್ಳಿ. ನೆಲ ಕಾದಾಗ ಅದರ ಮೇಲಿನ ಬಿಸಿ ಗಾಳಿಯ ಅಲೆಗಳು ಬೆಳಕನ್ನು ಬಾಗಿಸುವುದರಿಂದ ಹೀಗಾಗುತ್ತದೆ. ಲೆನ್ಸ್ ಬದಲಿಸಿದರೆ ಇದು ಹೋಗುವುದಿಲ್ಲ. ಬೆಳಗಿನ ಮೊದಲ ಒಂದೆರಡು ಗಂಟೆ ಅಥವಾ ಮಳೆ ನಿಂತ ಮೋಡದ ದಿನ ಆರಿಸಿಕೊಳ್ಳಿ. ಎಸಿ ಹಾಕಿದ ಕಾರಿನ ಕಿಟಕಿಯನ್ನು ಆಗಷ್ಟೇ ಇಳಿಸಿ ತೆಗೆದರೂ ಇದೇ ತೊಂದರೆ ಬರುತ್ತದೆ, ಒಳಗಿನ ಗಾಳಿ ಹೊರಗಿನದಕ್ಕೆ ಹೊಂದಿಕೊಳ್ಳಲು ಸ್ವಲ್ಪ ಸಮಯ ಕೊಡಿ.

ಪ್ರಶ್ನೆ: ಸಾರಸದ ಕೂಗನ್ನು ಮೊಬೈಲಿನಲ್ಲಿ ಹಾಕಿದರೆ ಜೋಡಿ ಓಡಿಬಂದು ಕುಣಿಯುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಡ್ರೋನ್ ಬಳಸಿದರೆ ಹತ್ತಿರ ಹೋಗುವ ಅಗತ್ಯವೇ ಇಲ್ಲ ಎನ್ನುವವರೂ ಇದ್ದಾರೆ. ಇದರಲ್ಲಿ ಕಾನೂನಿನ ತೊಡಕೇನಾದರೂ ಇದೆಯೇ?
(ಬೆಂಗಳೂರಿನ ಓದುಗರು)

ಉತ್ತರ: ಕೂಗು ಕೇಳಿ ಜೋಡಿ ಬರುವುದು ನಿಜ, ಆದರೆ ಕುಣಿಯಲು ಅಲ್ಲ. ತನ್ನ ಜಾಗಕ್ಕೆ ಬೇರೊಂದು ಜೋಡಿ ನುಗ್ಗಿದೆ ಎಂದು ಬಗೆದು ಹೊಡೆದೋಡಿಸಲು ಬರುತ್ತದೆ. ಕಾವಿನ ಕಾಲವಾಗಿದ್ದರೆ ಅಷ್ಟು ಹೊತ್ತು ಮೊಟ್ಟೆಗಳು ಕಾಗೆಗಳ ಮುಂದೆ ತೆರೆದುಬಿದ್ದಿರುತ್ತವೆ. ಡ್ರೋನಿನ ಸದ್ದು ಮತ್ತು ನೆರಳು ಗೂಡಿನ ಮೇಲಿನ ಹಕ್ಕಿಯನ್ನು ಎಬ್ಬಿಸಲು ಸಾಕು. ಅನುಮತಿಯಿಲ್ಲದೆ ರಕ್ಷಿತಾರಣ್ಯದ ಮೇಲೆ ಅದನ್ನು ಹಾರಿಸುವಂತೆಯೂ ಇಲ್ಲ.

ಕಾನೂನಿನ ವಿಷಯ ಬಹಳ ಮಂದಿಗೆ ತಿಳಿದಿಲ್ಲದ ಕಾರಣ ಸ್ವಲ್ಪ ಬಿಡಿಸಿ ಹೇಳುತ್ತೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬುದಕ್ಕೆ ಕೊಟ್ಟಿರುವ ಅರ್ಥವಿವರಣೆ ಕೊಲ್ಲುವುದು, ಹಿಡಿಯುವುದಕ್ಕಷ್ಟೇ ನಿಲ್ಲುವುದಿಲ್ಲ. ಕಾಡುಹಕ್ಕಿಗಳ ಮೊಟ್ಟೆಗಳಿಗೆ ಹಾನಿ ಮಾಡುವುದು, ಮೊಟ್ಟೆಗಳನ್ನು ಅಥವಾ ಗೂಡುಗಳನ್ನು ಕದಲಿಸಿ ತೊಂದರೆ ಕೊಡುವುದೂ ಅದರಲ್ಲಿ ಸೇರಿದೆ. ಗೂಡು ಚೆನ್ನಾಗಿ ಕಾಣಲೆಂದು ಸುತ್ತಲಿನ ಜೊಂಡನ್ನು ಕೊಯ್ದು ತೆಗೆಯುವ ಕೆಲವರ ಅಭ್ಯಾಸವನ್ನು ಈ ಮಾತಿನ ಬೆಳಕಿನಲ್ಲಿ ನೋಡಬೇಕು. ಅಭಯಾರಣ್ಯದೊಳಗೆ ಚಿತ್ರ ತೆಗೆಯಲು ಪ್ರವೇಶಿಸುವುದಕ್ಕೆ ಅನುಮತಿ ಕೊಡುವ ಅಧಿಕಾರ ಅದೇ ಕಾಯ್ದೆಯ 28ನೇ ಕಲಮಿನಂತೆ ಮುಖ್ಯ ವನ್ಯಜೀವಿ ಪರಿಪಾಲಕರದು. ಸಾಮಾನ್ಯ ಪ್ರವಾಸಿಗರಿಗೆ ಟಿಕೆಟ್ ಕೊಡುವ ಬಾಗಿಲಿನಲ್ಲೇ ಕ್ಯಾಮೆರಾ ಶುಲ್ಕ ಮತ್ತು ನಿಯಮಗಳನ್ನು ತಿಳಿಸುತ್ತಾರೆ.

ಪ್ರಶ್ನೆ: ನಾವು ಟೋಕಿಯೊದಲ್ಲಿ ನೆಲೆಸಿದ್ದೇವೆ. ಚಳಿಗಾಲದಲ್ಲಿ ಹೊಕ್ಕೈಡೊಗೆ ಹೋಗಿ ಕೆಂಪು ನೆತ್ತಿಯ ಕ್ರೇನ್‌ಗಳ ನೃತ್ಯ ಚಿತ್ರೀಕರಿಸುವ ಆಸೆಯಿದೆ. ಹಿಮದಲ್ಲಿ ತೆಗೆದು ಅಭ್ಯಾಸವಿಲ್ಲ.
(ಜಪಾನಿನಲ್ಲಿರುವ ಕನ್ನಡಿಗ ದಂಪತಿ)

ಉತ್ತರ: ಜಪಾನಿನ ಉತ್ತರದ ದ್ವೀಪವಾದ ಹೊಕ್ಕೈಡೊದಲ್ಲಿ ಕುಶಿರೊ ಪಟ್ಟಣವನ್ನು ತಂಗುದಾಣ ಮಾಡಿಕೊಂಡು ತ್ಸುರುಯಿ ಹಳ್ಳಿಗೂ ಅಕಾನ್ ಕಡೆಗೂ ಹೋಗುವುದು ವಾಡಿಕೆ. ಚಳಿಗಾಲವಿಡೀ ಹಕ್ಕಿಗಳು ಕಾಣುತ್ತವೆ, ಕುಣಿತ ಹೆಚ್ಚುವುದು ಫೆಬ್ರುವರಿಯಿಂದ ಮಾರ್ಚ್‌ವರೆಗೆ. ಅನಂತರ ಜೋಡಿಗಳು ಗೂಡಿಗಾಗಿ ಜೌಗು ಪ್ರದೇಶಕ್ಕೆ ಚದುರುತ್ತವೆ. ತ್ಸುರುಯಿ ಬಳಿಯ ಓತೊವಾ ಸೇತುವೆಯ ಮೇಲೆ ಸೂರ್ಯೋದಯಕ್ಕೆ ಮುನ್ನವೇ ಟ್ರೈಪಾಡ್‌ಗಳು ಸಾಲುಗಟ್ಟುತ್ತವೆ. ಹೆಪ್ಪುಗಟ್ಟದೆ ಹರಿಯುವ ನದಿಯಲ್ಲಿ ನಿಂತು ಹಕ್ಕಿಗಳು ರಾತ್ರಿ ಕಳೆಯುತ್ತವೆ, ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿದ ಬೆಳಗಿನಲ್ಲಿ ನೀರಿನಿಂದ ಹಬೆಯೇಳುತ್ತದೆ. ಆದರೆ ಕುಣಿತಕ್ಕೆ ಆ ಸೇತುವೆಗಿಂತ, ಹಕ್ಕಿಗಳು ಹಗಲಿನಲ್ಲಿ ಸೇರುವ ಮೇವಿನ ಬಯಲುಗಳೇ ಉತ್ತಮ. ಅವುಗಳಲ್ಲಿ ಒಂದಾದ ತ್ಸುರುಯಿ ಇತೊ ಅಭಯಧಾಮವನ್ನು ಜಪಾನಿನ ಕಾಡುಹಕ್ಕಿ ಸಂಘ 1987ರಲ್ಲಿ ಸ್ಥಾಪಿಸಿತು. ಅಲ್ಲಿ ಬೇಲಿಯ ಹೊರಗಿನಿಂದಲೇ ತೆಗೆಯಬೇಕು, ಒಳಗೆ ಕಾಲಿಡುವಂತಿಲ್ಲ.

ಸಾರಸಕ್ಕೆ ಹೇಳಿದ ಬೆಳಕಿನ ಲೆಕ್ಕ ಇಲ್ಲಿ ನಡೆಯದು. ಬಿಳಿಯ ಹಿಮದ ಮೇಲೆ ಬಿಳಿಯ ಹಕ್ಕಿಯನ್ನು ಕಂಡ ಕ್ಯಾಮೆರಾ ಎಲ್ಲವನ್ನೂ ಬೂದುಗೊಳಿಸಲು ನೋಡುತ್ತದೆ. ಎಕ್ಸ್‌ಪೋಶರನ್ನು ಒಂದರಿಂದ ಒಂದೂವರೆ ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು) ಹೆಚ್ಚಿಸಿ, ಬೆಳ್ಳಗಿನ ಗರಿಗಳಲ್ಲಿ ವಿವರ ಉಳಿದಿದೆಯೇ ಎಂದು ಹಿಸ್ಟೋಗ್ರಾಮಿನಲ್ಲಿ (ಕ್ಯಾಮೆರಾ ತೋರಿಸುವ ಬೆಳಕು-ನೆರಳಿನ ಹಂಚಿಕೆಯ ನಕ್ಷೆಯಲ್ಲಿ) ಪರೀಕ್ಷಿಸಿ. ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಹೆಚ್ಚುವರಿ ಬ್ಯಾಟರಿಗಳನ್ನು ಒಳಗಿನ ಕಿಸೆಯಲ್ಲಿ ಮೈಗೆ ತಾಗಿಸಿಟ್ಟುಕೊಳ್ಳಿ. ಬೆಚ್ಚಗಿನ ಕೋಣೆಗೆ ಹೋಗುವ ಮುಂಚೆ ಕ್ಯಾಮೆರಾವನ್ನು ಚೀಲದೊಳಗೆ ಮುಚ್ಚಿಡಿ, ಇಲ್ಲವಾದರೆ ಗಾಜಿನ ಮೇಲೆ ತೇವ ಕಟ್ಟುತ್ತದೆ.

ಈ ಹಕ್ಕಿಗಳು ಜಪಾನಿನಲ್ಲಿ ಅಳಿದೇಹೋದವೆಂದು ಭಾವಿಸಲಾಗಿತ್ತು. 1924ರಲ್ಲಿ ಕುಶಿರೊ ಜೌಗಿನಲ್ಲಿ ಹತ್ತಕ್ಕಿಂತ ತುಸು ಹೆಚ್ಚು ಹಕ್ಕಿಗಳು ಮತ್ತೆ ಕಂಡುಬಂದವು. 1950ರ ದಶಕದ ಕಡುಚಳಿಯಲ್ಲಿ ಅಲ್ಲಿನ ರೈತರು ಮೆಕ್ಕೆಜೋಳ ಹಾಕಿ ಉಳಿಸಿಕೊಂಡ ಸಂತತಿ ಇಂದು ಸಾವಿರವನ್ನು ದಾಟಿ ಬೆಳೆದಿದೆ. ಒಂದೇ ಕಡೆ ಗುಂಪಾದರೆ ರೋಗ ಹರಡುವ ಭಯವಿರುವುದರಿಂದ ಈಚೆಗೆ ಸರ್ಕಾರ ಮೇವನ್ನು ಹಂತಹಂತವಾಗಿ ಕಡಿಮೆ ಮಾಡುತ್ತಿದೆ. ಪ್ರಯಾಣಕ್ಕೆ ಮುನ್ನ ಆ ವರ್ಷದ ವ್ಯವಸ್ಥೆ ಹೇಗಿದೆ ಎಂದು ಸ್ಥಳೀಯ ಕೇಂದ್ರದಲ್ಲಿ ವಿಚಾರಿಸಿಕೊಳ್ಳಿ.

ಪ್ರಶ್ನೆ: ಕರ್ನಾಟಕದಲ್ಲಿ ಇಂಥ ನೃತ್ಯ ನೋಡಲು ಸಿಗುವುದೇ ಇಲ್ಲವೇ? ಕೊಕ್ಕರೆ ಬೆಳ್ಳೂರಿನಲ್ಲಿ?
(ಧಾರವಾಡದ ಓದುಗರು)

ಉತ್ತರ: ಕೊಕ್ಕರೆ ಬೆಳ್ಳೂರಿನಲ್ಲಿ ಮರಗಳ ಮೇಲೆ ಗೂಡು ಕಟ್ಟುವವು ಬಣ್ಣದ ಕೊಕ್ಕರೆಗಳು ಮತ್ತು ಹೆಜ್ಜಾರ್ಲೆಗಳು. ಅವು ಕ್ರೇನ್ ಕುಟುಂಬಕ್ಕೆ ಸೇರಿದವಲ್ಲ. ಅವುಗಳ ಪ್ರಣಯವೂ ಸೊಗಸಾದದ್ದೇ, ಆದರೆ ಅದು ಗೂಡಿನ ಮೇಲೆ ನಡೆಯುವ ಬಾಗು ಬಳುಕು, ಬಯಲಿನ ಕುಣಿತವಲ್ಲ. ಸಾರಸಗಳು ನಮ್ಮ ರಾಜ್ಯದಲ್ಲಿ ನೆಲೆಸಿಲ್ಲ. ಚಳಿಗಾಲದಲ್ಲಿ ಉತ್ತರ ಕರ್ನಾಟಕದ ಕೆರೆ, ಹೊಲಗಳ ಕಡೆ ಬಂದುಹೋಗುವುದು ಡೆಮೊಯಿಸೆಲ್ ಕ್ರೇನ್. ಅದು ಮರಿ ಮಾಡುವುದು ಮಂಗೋಲಿಯಾ ಮತ್ತು ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ, ಹೀಗಾಗಿ ಇಲ್ಲಿ ಅದರ ಪೂರ್ಣ ನೃತ್ಯವನ್ನು ನಿರೀಕ್ಷಿಸುವಂತಿಲ್ಲ. ಆ ಹಕ್ಕಿಗಳನ್ನು ಸಾವಿರಗಟ್ಟಲೆ ಒಂದೇ ಕಡೆ ನೋಡಬೇಕಾದರೆ ರಾಜಸ್ಥಾನದ ಖೀಚನ್ ಹಳ್ಳಿಗೆ ಹೋಗಬೇಕು. ಅಲ್ಲಿಯ ಜನ ತಲೆಮಾರುಗಳಿಂದ ಅವಕ್ಕೆ ಕಾಳು ಹಾಕುತ್ತ ಬಂದಿದ್ದಾರೆ. ಮರಳುವ ಕಾಲ ಹತ್ತಿರವಾದಾಗ ಒಂದಿಷ್ಟು ಜಿಗಿದಾಟ ಕಂಡೀತು.

ಪ್ರಶ್ನೆ: ನನ್ನ ಸಾರಸ ಜೋಡಿಯ ಚಿತ್ರವನ್ನು ಸ್ಪರ್ಧೆಗೆ ಕಳುಹಿಸುವ ಯೋಚನೆಯಿದೆ. ಹಕ್ಕಿಗಳ ಹಿಂದೆ ವಿದ್ಯುತ್ ತಂತಿ ಬಂದಿದೆ, ಅಳಿಸಬಹುದೇ? ಅಡಿಬರಹದಲ್ಲಿ ಏನೇನು ಬರೆಯಬೇಕು?
(ಮಂಗಳೂರಿನ ಓದುಗರು)

ಉತ್ತರ: ವನ್ಯಜೀವಿ ವಿಭಾಗದ ಸ್ಪರ್ಧೆಗಳಲ್ಲಿ ಇದ್ದುದನ್ನು ಅಳಿಸುವುದಕ್ಕೂ ಇಲ್ಲದ್ದನ್ನು ಸೇರಿಸುವುದಕ್ಕೂ ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ಬೆಳಕು, ಬಣ್ಣಗಳ ಚಿಕ್ಕ ತಿದ್ದುಪಡಿ ಮತ್ತು ಅಂಚು ಕತ್ತರಿಸುವುದನ್ನು ಒಪ್ಪುತ್ತಾರೆ. ಅಡಿಬರಹದಲ್ಲಿ ಜಾತಿ, ತಿಂಗಳು, ಜಿಲ್ಲೆ ಇವು ಸಾಕು. ಗೂಡಿನ ಸಮೀಪದ ಚಿತ್ರವಾಗಿದ್ದರೆ ಹಳ್ಳಿಯ ಹೆಸರನ್ನಾಗಲಿ, ಫೈಲಿನೊಳಗೆ ಉಳಿಯುವ ಸ್ಥಳದ ಗುರುತನ್ನಾಗಲಿ ಕೊಡಬೇಡಿ. ಮೇವು ಹಾಕಿ ಕರೆದ ಜಾಗದಲ್ಲಿ ತೆಗೆದದ್ದಾದರೆ ಹಾಗೆಂದು ಬರೆಯಿರಿ. ಕೂಗು ಮಾತ್ರ ಇದ್ದು ಕುಣಿತವಿಲ್ಲದಿದ್ದರೆ ಜೋಡಿಗೂಗು ಎಂದೇ ಬರೆಯಿರಿ, ಪ್ರಣಯ ನೃತ್ಯ ಎಂದು ಹಿಗ್ಗಿಸಬೇಡಿ.

ತಂತಿಯ ಬಗ್ಗೆ ನಮ್ಮ ಅಭಿಪ್ರಾಯ ಕೇಳಿದರೆ, ನಿಯಮ ಅವಕಾಶ ಕೊಟ್ಟರೂ ಅದನ್ನು ಉಳಿಸಿಕೊಳ್ಳಿ ಎನ್ನುತ್ತೇವೆ. ವಿದ್ಯುತ್ ತಂತಿಗೆ ಬಡಿದು ಸಾಯುವುದು ಸಾರಸಗಳ ಅಳಿವಿಗೆ ಇರುವ ದೊಡ್ಡ ಕಾರಣಗಳಲ್ಲಿ ಒಂದು. ಇಟಾವಾದ ಗದ್ದೆಗಳಲ್ಲಾಗಲಿ ಖೇಡಾದ ಕಾಲುವೆಗಳ ಪಕ್ಕದಲ್ಲಾಗಲಿ ಅವು ಬದುಕುತ್ತಿರುವುದು ಆ ತಂತಿಗಳ ಕೆಳಗೇ. ಚೌಕಟ್ಟಿನಲ್ಲಿ ಅದು ಬೇಡವೇ ಬೇಡ ಎನಿಸಿದರೆ, ಮುಂದಿನ ಸಲ ಗುಂಡಿ ಒತ್ತುವ ಮುಂಚೆ ಬದುವಿನ ಮೇಲೆಯೇ ಹತ್ತು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ.